ಅರ್ಧ ಸುತ್ತು

“ಮುಟ್ಟಬೇಡಿ ಸಾಹೇಬ್ರೆ, ಮುದ್ದೆಮಾಲು ಅದು, ಕೋರ್ಟಿಗೆ ಹೋಗೋ ಸಾಕ್ಷಿ!” ಎಂದು ದಫೇದಾರ ಬಾಯಿಬಿಡುವಷ್ಟರಲ್ಲಿ ಇನ್ಸ್‌ಪೆಕ್ಟರ್ ಅರಗಿನ ಮುದ್ರೆ ಒಡೆದು, ಚೀಲ ಬಿಚ್ಚಿ, ಸಿಲಿಂಡರಿನ ಮುಂದೆ ಕುಕ್ಕರುಗಾಲಲ್ಲಿ ಕೂತಾಗಿತ್ತು.

“ಮುಟ್ಟದೆ ಇದು ತಾನಾಗಿ ಮಾತಾಡುತ್ತಾ?”

“ಮೇಲಿನವರು ಕೇಳಿದ್ರೆ ನಾನೇನು ಹೇಳ್ಲಿ?”

“ಸಾಹೇಬರಿಗೆ ತಲೆ ಕೆಟ್ಟಿತ್ತು ಅನ್ನು. ಅವರು ತಕ್ಷಣ ನಂಬ್ತಾರೆ.”

ಠಾಣೆಯ ಹಿಂಬದಿಯ ಆ ಕೋಣೆಗೆ ಕಿಟಕಿಯೇ ಇರಲಿಲ್ಲ. ಕದ್ದ ಸೈಕಲ್ಲುಗಳು, ವಾರಸುದಾರರಿಲ್ಲದ ಪೆಟ್ಟಿಗೆಗಳು, ಯಾರದೋ ತಲೆ ಒಡೆದ ದೋಣಿಯ ಹುಟ್ಟು. ಅವುಗಳ ನಡುವೆ, ಸಮುದ್ರದಲ್ಲಿ ಮುಳುಗುವವರು ಬೆನ್ನಿಗೆ ಕಟ್ಟುವ ಎರಡು ಹಳದಿ ಗಾಳಿ ಸಿಲಿಂಡರುಗಳು, ಅವಳಿ ಮಕ್ಕಳ ಹಾಗೆ. ಒಂದರ ಬುಡದಲ್ಲಿ ಮಾತ್ರ ನೀಲಿ ಪಟ್ಟಿ ಅಂಟಿಸಿತ್ತು. ಪಟ್ಟಿಯಿದ್ದದ್ದು ಸತ್ತವಳದು. ಪಟ್ಟಿಯಿಲ್ಲದ್ದು ಅವಳ ಗಂಡನದು. ಆ ಗಂಡ ಈಗ ಗೋಡೆಯ ಆಚೆ, ಲಾಕಪ್ಪಿನಲ್ಲಿದ್ದ.

ಸತ್ತವಳು ಯುದ್ಧಕಾಲದಲ್ಲಿ ಬಂದರಿನಾಚೆ ಮುಳುಗಿಹೋದ ಶತ್ರುಗಳ ಜಲಾಂತರ್ಗಾಮಿಯ ಮೇಲೆ ಸಂಶೋಧನೆ ಮಾಡುತ್ತಿದ್ದವಳು. ಅದರ ಹೊಟ್ಟೆಯೊಳಗೇ, ಇಕ್ಕಟ್ಟಿನ ಜಾಗದಲ್ಲಿ, ಉಸಿರುಕಟ್ಟಿ ಸತ್ತಿದ್ದಳು. ಅವಳ ಬೆನ್ನ ಮೇಲಿನ ಸಿಲಿಂಡರಿನಲ್ಲಿ ಗಾಳಿ ಬೇಕಾದಷ್ಟಿತ್ತು. ಆದರೆ ಗಾಳಿ ಬಿಡುವ ತಿರುಪು ಅರ್ಧ ಸುತ್ತು ಮಾತ್ರ ತೆರೆದಿತ್ತು. ಅಷ್ಟು ತೆರೆದಿದ್ದರೆ ದೋಣಿಯ ಮೇಲೆ ಮೋಸ ಗೊತ್ತಾಗುವುದಿಲ್ಲ. ಗಾಳಿ ತುಂಬಿದೆ ಎಂದೇ ಮಾಪಕದ ಮುಳ್ಳು ತೋರಿಸುತ್ತದೆ, ಉಸಿರೂ ಸಲೀಸಾಗಿ ಬರುತ್ತದೆ. ಆಳಕ್ಕೆ ಇಳಿದ ಮೇಲೆ ಎದೆ ಎಳೆದಷ್ಟು ಗಾಳಿ ಬರುವುದಿಲ್ಲ.

ಹಿಂದಿನ ಸಂಜೆಯೇ ಗಂಡ ಹೆಂಡತಿ ಇಬ್ಬರೂ ಸಾಮಾನು ಜೋಡಿಸಿ, ತಿರುಪು ತೆರೆದು ಪರೀಕ್ಷಿಸಿ, ದೋಣಿ ಸಂಘದ ಉಗ್ರಾಣದಲ್ಲಿಟ್ಟು ಹೋಗಿದ್ದರು. ಆಮೇಲೆ ಉಗ್ರಾಣದ ಕೀಲಿ ಇಸಿದುಕೊಂಡು ಒಳಗೆ ಹೋಗಿಬಂದವನು ಗಂಡ ಒಬ್ಬನೇ ಎಂದು ಉಗ್ರಾಣ ನೋಡಿಕೊಳ್ಳುವವಳ ಹೇಳಿಕೆಯಿತ್ತು. ಅವನು ಮಾತ್ರ ತಾನು ಹೋಗಲೇ ಇಲ್ಲ ಎಂದು ಅಂಗಲಾಚುತ್ತಿದ್ದ. ಉಗ್ರಾಣ ನೋಡಿಕೊಳ್ಳುವವಳು ಬೇರಾರೂ ಅಲ್ಲ, ಇನ್ಸ್‌ಪೆಕ್ಟರನ ಸ್ವಂತ ಅಕ್ಕ. ಸುಳ್ಳು ಹೇಳಿದ್ದಕ್ಕೆ ಚಿಕ್ಕಂದಿನಲ್ಲಿ ಅವನ ಕಿವಿ ಹಿಂಡಿದವಳು. ಅವಳ ಮಾತನ್ನು ಅನುಮಾನಿಸುವುದು ಅವನಿಗೆ ಹೊಳೆದಿರಲೂ ಇಲ್ಲ.

ಸಂಜೆಯೊಳಗೆ ಗಂಡನನ್ನು ದೊಡ್ಡ ಊರಿಗೆ ಕಳಿಸಬೇಕು. ಕೊಲೆ ಕೇಸು, ಅಲ್ಲಿಗೆ ಹೋದರೆ ಇನ್ಸ್‌ಪೆಕ್ಟರನ ಕೈ ತಪ್ಪಿದಂತೆಯೇ. ಮೇಲಿನವರು ಈಗಾಗಲೇ ಬೆನ್ನು ತಟ್ಟಿದ್ದರು. ಎಲ್ಲ ಬಿಗಿಯಾಗಿದೆ, ಕುಣಿಕೆ ಒಂದು ಬಾಕಿ ಎಂದು ಅವರಲ್ಲೊಬ್ಬ ನಕ್ಕಿದ್ದ. ಆ ನಗು ಇನ್ಸ್‌ಪೆಕ್ಟರನಿಗೆ ಸೇರಿರಲಿಲ್ಲ.

ಎಲ್ಲರೂ ನೀಲಿ ಪಟ್ಟಿಯ ಸಿಲಿಂಡರನ್ನೇ ನೋಡಿದ್ದರು. ಇನ್ನೊಂದನ್ನು ಯಾರೂ ತಿರುಗಿ ನೋಡಿರಲಿಲ್ಲ. ಬದುಕಿ ಬಂದವನ ಸಿಲಿಂಡರಿನಲ್ಲಿ ನೋಡುವುದೇನಿದೆ?

ಇನ್ಸ್‌ಪೆಕ್ಟರ್ ಅದರ ತಿರುಪಿನ ಮೇಲೆ ಬೆರಳಿಟ್ಟ. ತೆರೆಯುವ ದಿಕ್ಕಿಗೆ ಮೆಲ್ಲಗೆ ಒತ್ತಿದ.

ತಿರುಪು ತಿರುಗಿತು. ಅರ್ಧ ಸುತ್ತು ಹೋಗಿ ನಿಂತಿತು.

“ಇದನ್ನ ಚೀಲಕ್ಕೆ ಹಾಕಿದ್ದು ಎಲ್ಲಿ?”

“ದೋಣಿ ಮೇಲೇ ಸಾಹೇಬ್ರೆ. ಹೆಣ ಎತ್ತಿದ ಕೂಡಲೆ ಎರಡಕ್ಕೂ ಮುದ್ರೆ ಒತ್ತಿದ್ವಿ. ಆಮೇಲೆ ಯಾವ ನರಪಿಳ್ಳೆಯೂ ಮುಟ್ಟಿಲ್ಲ. ಈಗ ನೀವು ಮುಟ್ಟಿದ್ರಿ, ಅಷ್ಟೇ.”

ಲಾಕಪ್ಪಿನಲ್ಲಿ ಗಂಡ ಗೋಡೆಗೆ ಒರಗಿ ಕೂತಿದ್ದ. ತಟ್ಟೆಯಲ್ಲಿಟ್ಟ ಊಟ ಹಾಗೇ ಒಣಗಿತ್ತು. ಹೆಂಡತಿ ಹೋದಾಗಿನಿಂದ ಅವನು ಅತ್ತದ್ದನ್ನು ಯಾರೂ ನೋಡಿರಲಿಲ್ಲ. ಅದೂ ಅವನ ತಲೆಗೇ ಬಂದಿತ್ತು. ಅಳದ ಗಂಡನನ್ನು ಕಂಡರೆ ಲೋಕಕ್ಕೆ ಆಗದು.

“ನಿನ್ನ ಸಿಲಿಂಡರಿನ ತಿರುಪು ಎಷ್ಟು ತೆರೀತೀಯ?”

“ಪೂರ್ತಿ.”

“ಪೂರ್ತಿ ತೆರೆದು, ಅರ್ಧ ಸುತ್ತು ಹಿಂದಕ್ಕೆ?”

ಅವನು ಮೊದಲ ಸಲ ತಲೆ ಎತ್ತಿದ. “ಇಲ್ಲ ಸರ್. ಅದು ಹಳಬರ ಪದ್ಧತಿ. ತಿರುಪು ಕಚ್ಕೊಂಡು ಕೂತುಬಿಡುತ್ತೆ ಅಂತ ಅವರು ಹಾಗೆ ಮಾಡೋರು. ನಮಗೆ ಅದನ್ನ ಮಾಡಲೇಬೇಡಿ ಅಂತ ಹೇಳಿಕೊಡ್ತಾರೆ. ದಿಕ್ಕು ತಪ್ಪಿದ್ರೆ ಮುಚ್ಚಿ ಅರ್ಧ ತೆರೆದ ಹಾಗಾಗುತ್ತೆ. ಆಗ...”

ಆಗ ಏನಾಗುತ್ತದೆ ಎಂದು ಅವನ ಹೆಂಡತಿಗೆ ಗೊತ್ತಾಗಿಹೋಗಿತ್ತು.

“ಹೊರಡೋ ಮುಂಚೆ ಒಬ್ಬರದನ್ನ ಇನ್ನೊಬ್ಬರು ನೋಡಲ್ವಾ?”

“ನೋಡ್ತೀವಿ. ನನ್ನ ತಿರುಪನ್ನ ಅವಳು, ಅವಳದನ್ನ ನಾನು. ಕೈಯಿಟ್ಟು ತಿರುಗಿಸಿಯೇ ನೋಡಬೇಕು.” ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. “ಆವತ್ತು ಜಗಳ ಆಗಿತ್ತು ಸರ್. ಕೈಯಿಡೋಕೆ ಹೋದೆ, ಭುಜ ಕೊಡವಿದಳು. ನನ್ನದನ್ನೂ ಅವಳು ನೋಡ್ಲಿಲ್ಲ. ಹಾಳಾಗಿ ಹೋಗ್ಲಿ ಅಂತ ಮುಳ್ಳು ನೋಡಿ ಸುಮ್ಮನಾದೆ. ಹಾಳಾಗಿ ಹೋಗ್ಲಿ ಅಂತ ಅಂದ್ಕೊಂಡೆ, ಬಾಯಲ್ಲಿ ಅನ್ಲಿಲ್ಲ.”

“ಜಗಳ ಯಾಕೆ?”

“ಗೋರಿ ಅಗೆಸ್ತೀನಿ ಅಂತ ಕೂತಿದ್ಲು. ಬೇಡ ಕಣೆ, ಊರನ್ನ ಎದುರುಹಾಕ್ಕೋಬೇಡ ಅಂದೆ.”

“ಯಾವ ಗೋರಿ?”

“ದೀಪಸ್ತಂಭದ ಹಿಂದಿರೋವು. ಆ ಸಬ್‌ಮರೀನಿನವರದು.” ಅವನು ಕೈಯಲ್ಲೇ ಗಾಳಿಯಲ್ಲಿ ಆಕಾರ ಬಿಡಿಸತೊಡಗಿದ. “ಅದರ ಮೇಲಿನ ಮುಚ್ಚಳ ಸಿಡಿದು ತೆರೆದಿದ್ದಲ್ಲ ಸರ್. ಒಳಗಿನಿಂದ ಚಕ್ರ ತಿರುಗಿಸಿ ತೆರೆದಿದ್ದು. ಅದರ ಕೆಳಗೆ ಗೂಡುಗಳಿದಾವೆ. ಪಾರಾಗೋಕೆ ಅಂತ ರಬ್ಬರಿನ ಉಸಿರುಚೀಲ ಇಡೋ ಗೂಡು. ಎದೆಗೆ ಕಟ್ಕೊಳ್ಳೋದು, ಬಾಯಿಗೆ ಹಿತ್ತಾಳೆ ಕೊಳವೆ. ಗೂಡುಗಳು ಕೆಲವು ಖಾಲಿ. ಅಂದ್ರೆ ಕೆಲವರು ಚೀಲ ಕಟ್ಕೊಂಡು ಜೀವಂತ ಹೊರಗೆ ಬಂದಿದಾರೆ. ದಡ ಎಷ್ಟು ಹತ್ತಿರ ಅಂತ ನೀವೇ ನೋಡಿದೀರಲ್ಲ. ಹಾಗಾದ್ರೆ ಗೋರಿಯಲ್ಲಿರೋರು ನೀರಲ್ಲಿ ಸತ್ತೋರು ಹೌದಾ ಅಂತ ಅವಳ ಪ್ರಶ್ನೆ.”

ಹಿತ್ತಾಳೆ ಕೊಳವೆ. ಇನ್ಸ್‌ಪೆಕ್ಟರನ ನೆನಪಿನ ಮೂಲೆಯಲ್ಲಿ ಏನೋ ಮಿಸುಕಾಡಿತು, ಕೈಗೆ ಸಿಗಲಿಲ್ಲ. ಈಗ ಅದಕ್ಕೆಲ್ಲ ಪುರುಸೊತ್ತೂ ಇರಲಿಲ್ಲ. ಅವನ ತಲೆಯ ತುಂಬ ಆ ಅರ್ಧ ಸುತ್ತೇ ಸುತ್ತುತ್ತಿತ್ತು.

ಆ ರಾತ್ರಿ ಉಗ್ರಾಣಕ್ಕೆ ಯಾರೋ ಬಂದಿರಬೇಕು. ಮಬ್ಬಿನಲ್ಲಿ ಮೊದಲು ಕೈಗೆ ಸಿಕ್ಕಿದ್ದು ಗಂಡನ ಸಿಲಿಂಡರು. ಅದರ ತಿರುಪು ಮುಚ್ಚಿದರು. ಬುಡದಲ್ಲಿ ನೀಲಿ ಪಟ್ಟಿ ಕಾಣದೆ ತಪ್ಪು ಗೊತ್ತಾಯಿತು. ಅದನ್ನು ಮತ್ತೆ ತೆರೆದಿಟ್ಟರು. ತೆರೆಯುವಾಗ ಮನಸ್ಸು ಬೇರೆ ಕಡೆಯಿತ್ತು, ಕೈ ತನ್ನ ಪಾಡಿಗೆ ತಾನು ರೂಢಿಯ ಕೆಲಸ ಮಾಡಿತು. ಪೂರ್ತಿ ತೆರೆದು, ಅರ್ಧ ಹಿಂದಕ್ಕೆ.

ಹಳಬರ ಕೈ. ಈ ಊರಿನಲ್ಲಿ ಅಂಥ ಹಳಬ ಉಳಿದಿದ್ದವನು ಒಬ್ಬನೇ.

“ನಾನು ಬರೋವರೆಗೆ ಇವನನ್ನ ಕಳಿಸಬೇಡ,” ಎಂದ ದಫೇದಾರನಿಗೆ.

“ವ್ಯಾನು ಬಂದು ನಿಂತಿದೆ ಸಾಹೇಬ್ರೆ.”

“ಪಂಕ್ಚರ್ ಆಗಿದೆ ಅನ್ನು.”

“ಆಗಿಲ್ವಲ್ಲ.”

“ಮಾಡು!”

ಮುಳುಗುತಾತ ಎಂದೇ ಊರು ಕರೆಯುತ್ತಿದ್ದ ಆ ಮುದುಕ ಇದ್ದದ್ದು ದೋಣಿಗಳು ನಿಲ್ಲುವ ಧಕ್ಕೆಯ ಬದಿಯ ಹಗ್ಗದಂಗಡಿಯ ಮಾಳಿಗೆಯಲ್ಲಿ. ಯುದ್ಧದ ಕಾಲಕ್ಕೆ ಅವನು ಮೀಸೆ ಚಿಗುರುತ್ತಿದ್ದ ಪೋರ. ಮುಳುಗಿದ ಹಡಗುಗಳ ಸಾಮಾನು ಮೇಲೆತ್ತುವ ತಂಡದಲ್ಲಿ ಇನ್ಸ್‌ಪೆಕ್ಟರನ ತಂದೆಯ ಕೈಕೆಳಗೆ ಕೆಲಸ ಕಲಿತವನು.

ದಾರಿಯಲ್ಲಿ ಧಕ್ಕೆಯ ಕಲ್ಲು ಸಿಗುತ್ತದೆ. ಅದರ ಮೇಲೆ ತಂದೆಯ ಹೆಸರು. ಶತ್ರುಗಳ ಜಲಾಂತರ್ಗಾಮಿಯಿಂದ ಒಬ್ಬನೂ ಜೀವಂತ ಬರಲಿಲ್ಲ, ದಡಕ್ಕೆ ಬಂದ ಹೆಣಗಳನ್ನು ಈ ಪುಣ್ಯಾತ್ಮ ಹಗೆಯೆಣಿಸದೆ ಮಣ್ಣು ಮಾಡಿದ ಎಂದು ಅಕ್ಷರ ಕೊರೆದಿದೆ. ಅಕ್ಕ ವಾರಕ್ಕೊಮ್ಮೆ ಆ ಕಲ್ಲನ್ನು ತೊಳೆಯುತ್ತಾಳೆ. ಇನ್ಸ್‌ಪೆಕ್ಟರನಿಗೆ ಆ ಕಲ್ಲಿನ ಮುಂದೆ ಹಾಯುವಾಗ ಯಾವಾಗಲೂ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಇವತ್ತು ತಲೆ ತಗ್ಗಿಸಿಕೊಂಡೇ ದಾಟಿದ.

“ಬಾ ಮರಿ,” ಎಂದ ಮುದುಕ ಮಂಚದಿಂದಲೇ. “ಪೊಲೀಸಾಗಿ ಬಂದ್ಯೋ, ಗೆಳೆಯನ ಮಗನಾಗಿ ಬಂದ್ಯೋ?”

“ಪೊಲೀಸಾಗಿ.”

“ಹಾಗಾದ್ರೆ ನಿಂತ್ಕೊಂಡೇ ಮಾತಾಡು.”

ಇನ್ಸ್‌ಪೆಕ್ಟರ್ ಕರವಸ್ತ್ರ ಬಿಚ್ಚಿ, ಠಾಣೆಯಿಂದ ತಂದಿದ್ದ ಹಳೆಯ ತಿರುಪೊಂದನ್ನು ಮುದುಕನ ಮುಂದಿಟ್ಟ. “ಇದನ್ನ ತೆರೆದು ತೋರಿಸಿ.”

ಮುದುಕ ಅದನ್ನು ನೋಡಿದ, ಇವನನ್ನು ನೋಡಿದ. ಮುಖದ ಸುಕ್ಕುಗಳೆಲ್ಲ ಒಂದು ಕಡೆಗೆ ಸರಿದವು. ಅದು ನಗೆ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

“ಓ, ಹಾಗಾ! ಆ ಹೆಣ್ಣುಮಗಳನ್ನ ನಾನು ಮುಗಿಸ್ದೆ ಅಂತ.”

“ತೆರೀರಿ ತಾತ.”

ಮುದುಕ ಹೊದಿಕೆಯೊಳಗಿಂದ ಕೈ ಹೊರಗೆ ತೆಗೆದ. ಬೆರಳುಗಳು ಒಳಗೆ ಮಡಚಿಕೊಂಡು ಗಟ್ಟಿಯಾಗಿದ್ದವು. ತಿರುಪಿನ ಮೇಲಿಟ್ಟ. ಬೆರಳು ಅದರ ಮೇಲೆ ಜಾರಿದವೇ ಹೊರತು ಹಿಡಿಯಲಿಲ್ಲ. ಇನ್ನೊಂದು ಕೈಯನ್ನೂ ಸೇರಿಸಿದ. ತಿರುಪು ಠಣ್ಣೆಂದು ನೆಲಕ್ಕೆ ಬಿತ್ತು.

ಆಗಲೇ ಇನ್ಸ್‌ಪೆಕ್ಟರ್ ಅವನ ಅಂಗಿಯನ್ನು ಸರಿಯಾಗಿ ನೋಡಿದ್ದು. ಗುಂಡಿಗಳೇ ಇರಲಿಲ್ಲ, ಯಾರೋ ದಾರ ಹಾಕಿ ಕಟ್ಟಿದ್ದರು.

“ಆಳದಿಂದ ಅವಸರದಲ್ಲಿ ಮೇಲೆ ಬಂದದ್ದಕ್ಕೆ ಸಮುದ್ರ ಕೊಟ್ಟ ಉಡುಗೊರೆ,” ಎಂದ ಮುದುಕ. “ಕುಡಿಯೋ ನೀರನ್ನೂ ಪಕ್ಕದ ಮನೆಯವಳು ಬಾಯಿಗೆ ಹಿಡೀತಾಳೆ. ನಾನು ಹೋಗಿ ಕೊಲೆ ಮಾಡ್ಲಾ ಮರಿ?”

ಇನ್ಸ್‌ಪೆಕ್ಟರನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ತಿರುಪನ್ನು ಎತ್ತಿಕೊಂಡು ಒರೆಸಿದ. “ಅವಳು ನಿಮ್ಮ ಹತ್ರ ಬಂದಿದ್ಲಾ?”

“ಬಂದಿದ್ಲು. ಅದೂ ಇದೂ ಕೇಳ್ಲಿಲ್ಲ. ಆ ಸಬ್‌ಮರೀನಿನವರಿಗೆ ಏನಾಯ್ತು ಅಂತ ನೇರ ಕೇಳಿದ್ಲು. ಇಷ್ಟು ವರ್ಷದಲ್ಲಿ ಹಾಗೆ ಯಾರೂ ಕೇಳಿರ್ಲಿಲ್ಲ. ಹೇಳ್ಬಿಟ್ಟೆ.”

“ಏನು?”

“ಕೂತ್ಕೋ.”

“ನಿಂತ್ಕೊಂಡೇ ಮಾತಾಡು ಅಂದ್ರಲ್ಲ.”

“ಈಗ ಕೂತ್ಕೋ ಅಂತೀನಿ.”

ಇನ್ಸ್‌ಪೆಕ್ಟರ್ ಕೂತ. ಕೆಳಗೆ ಅಂಗಡಿಯಲ್ಲಿ ಯಾರೋ ಹಗ್ಗ ಸುತ್ತುತ್ತಿದ್ದರು. ರಾಟೆಯ ಕಿರಗುಟ್ಟುವಿಕೆ ಹಲಗೆಯ ಸಂದಿಯಿಂದ ಮೇಲೆ ಬರುತ್ತಿತ್ತು.

“ಹಿಂದಿನ ದಿನ ಅದು ನಮ್ಮ ಪ್ರಯಾಣಿಕರ ಹಡಗನ್ನ ಹೊಡೆದುಹಾಕಿತ್ತು. ನಿಮ್ಮ ಸೋದರತ್ತೆ ಅದರಲ್ಲಿದ್ಲು. ಹೊಸದಾಗಿ ಮದುವೆಯಾದೋಳು, ತವರಿಗೆ ಬರ್ತಿದ್ಲು.”

“ಗೊತ್ತು.” ಮನೆಯ ಪಡಸಾಲೆಯಲ್ಲಿ ಅವಳ ಫೋಟೋ ಇತ್ತು.

“ವಾಪಸು ಹೋಗುವಾಗ ಅದೇ ಸಬ್‌ಮರೀನು ನಮ್ಮವರು ಬಂದರಿನ ಬಾಯಲ್ಲಿ ಹಾಕಿದ್ದ ಸಿಡಿಗುಂಡಿಗೆ ಸಿಕ್ಕಿ ಮುಳುಗ್ತು. ಬೆಳಗಾಗೋ ಹೊತ್ತಿಗೆ ನಾವು ದಡದಲ್ಲಿ ನಮ್ಮವರ ಹೆಣ ಎತ್ತಿಡ್ತಿದ್ವಿ. ನಿಮ್ಮಪ್ಪ ತಂಗೀನ ಆಗ ತಾನೇ ಮರಳ ಮೇಲೆ ಮಲಗಿಸಿದ್ದ. ಅಷ್ಟರಲ್ಲಿ ಅವರು ನೀರಿನಿಂದ ಎದ್ದು ಬಂದ್ರು. ಎದೆ ಮೇಲೆ ರಬ್ಬರ್ ಚೀಲ. ಕೈ ಮೇಲೆತ್ಕೊಂಡು.”

ರಾಟೆ ನಿಂತಿತು.

“ಒಬ್ಬ ನನಗಿಂತ ಚಿಕ್ಕೋನು. ನಡುಗ್ತಿದ್ದ. ನೀರು ಬೇಕು ಅಂತ ಸನ್ನೆ ಮಾಡ್ದ.” ಮುದುಕ ಕಣ್ಣು ಮುಚ್ಚಿದ. “ಮೊದಲ ಏಟು ನಿಮ್ಮಪ್ಪಂದು. ಎರಡನೇದು ನಂದು. ಆಮೇಲೆ ಯಾರದು ಯಾವುದು ಅಂತ ಲೆಕ್ಕ ಇಡ್ಲಿಲ್ಲ. ಹುಟ್ಟಿನಲ್ಲಿ ಹೊಡೆದದ್ದು. ತಲೆಬುರುಡೆಗಳು ಅದನ್ನ ಹೇಳ್ತಾವೆ, ಅಗೆದ್ರೆ.”

ಅಪ್ಪನ ಕೈ ಇನ್ಸ್‌ಪೆಕ್ಟರನಿಗೆ ಚೆನ್ನಾಗಿ ನೆನಪಿತ್ತು. ಜ್ವರ ಬಂದಾಗ ಹಣೆ ಮುಟ್ಟುತ್ತಿದ್ದ ಕೈ, ಒರಟಾಗಿದ್ದರೂ ಹಿತವಾಗಿರುತ್ತಿತ್ತು. ಆ ಕೈಗೆ ಹುಟ್ಟನ್ನು ಹಿಡಿಸಿ ನೋಡಲು ಅವನ ಮನಸ್ಸು ಒಪ್ಪಲಿಲ್ಲ. ಒಪ್ಪದಿದ್ದರೂ ಕಣ್ಣ ಮುಂದೆ ಕಂಡೇ ಕಂಡಿತು.

ಅದರ ಬೆನ್ನಿಗೇ ಇನ್ನೊಂದು ನೆನಪು ತಾನಾಗಿ ಮೇಲೆ ಬಂತು. ಅಡುಗೆಮನೆಯ ಅಟ್ಟದ ಮೇಲಿನ ತಗಡಿನ ಪೆಟ್ಟಿಗೆ. ಅದರೊಳಗೆ ಬಿರುಕು ಬಿಟ್ಟ ರಬ್ಬರಿನ ಚೀಲ, ತುದಿಯಲ್ಲಿ ಹಿತ್ತಾಳೆ ಕೊಳವೆ. ಚಿಕ್ಕವನಿದ್ದಾಗ ಪೀಪಿಯೆಂದುಕೊಂಡು ಊದಿದ್ದಕ್ಕೆ ಅಪ್ಪ ಕೆನ್ನೆಗೆ ಬಿಗಿದಿದ್ದ. ಅಪ್ಪ ಅವನನ್ನು ಹೊಡೆದದ್ದು ಜನ್ಮದಲ್ಲಿ ಅದೊಂದೇ ಸಲ.

“ಅವಳು ಕೇಳಿ ಏನಂದ್ಲು?”

“ಅತ್ತಳು. ಒಳ್ಳೆ ಹುಡುಗಿ. ಆಫೀಸಿನಿಂದ ಅಗೆಯೋಕೆ ಅಪ್ಪಣೆ ಬಂದಿತ್ತಂತೆ. ಆದ್ರೂ, ಊರಿಗೆ ತಿಳಿಯೋ ಮುಂಚೆ ಆ ಮನೆಯವರಿಗೆ ನಾನೇ ಹೋಗಿ ಹೇಳ್ಬೇಕು ತಾತ, ಬೇರೆಯವರ ಬಾಯಿಂದ ಕೇಳ್ಬಾರ್ದು ಅವರು, ಅಂದ್ಲು. ಅವಳು ಸಾಯೋದಕ್ಕೆ ಮುಂಚಿನ ದಿನ ಅದು.” ಮುದುಕ ಕಣ್ಣು ತೆರೆದ. “ನಿನಗೆ ಹೇಳಿರ್ತಾಳೆ ಅಂದ್ಕೊಂಡಿದ್ದೆ.”

“ನನಗೆ ಹೇಳಿಲ್ಲ.”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮುದುಕನೇ ಮೊದಲು ಮುಖ ತಿರುಗಿಸಿದ.

“ಹೋಗು ಮರಿ. ನಾನೇನೂ ಹೇಳ್ಲಿಲ್ಲ, ನೀನೇನೂ ಕೇಳ್ಲಿಲ್ಲ.”

“ತಾತ, ಅರ್ಧ ಸುತ್ತು ಹಿಂದಕ್ಕೆ ತಿರುಗಿಸೋದನ್ನ ಅಪ್ಪ ನಿಮಗಲ್ಲದೆ ಇನ್ಯಾರಿಗೆ ಕಲಿಸಿದ್ದ?”

ಮುದುಕ ಗೋಡೆಯ ಕಡೆಗೆ ಹೊರಳಿ ಹೊದಿಕೆ ಎಳೆದುಕೊಂಡ. ಎಷ್ಟು ಕರೆದರೂ ತಿರುಗಲಿಲ್ಲ.

ಮೆಟ್ಟಿಲ ಬುಡದಲ್ಲಿ ಕೈ ತೊಳೆಯುವ ನಲ್ಲಿಯಿತ್ತು. ತಿರುಪಿನ ಹಳೆಯ ಎಣ್ಣೆ ಬೆರಳಿಗೆಲ್ಲ ಮೆತ್ತಿಕೊಂಡಿತ್ತು. ಇನ್ಸ್‌ಪೆಕ್ಟರ್ ನಲ್ಲಿಯನ್ನು ತಿರುಗಿಸಿದ. ನೀರು ಭರ್ರನೆ ಬಂತು. ಕೈ ತೊಳೆದುಕೊಳ್ಳಬೇಕೆಂದು ಇನ್ನೊಂದು ಕೈ ಚಾಚಿದವನು ಹಾಗೇ ನಿಂತ.

ನಲ್ಲಿಯ ಮೇಲಿದ್ದ ಅವನ ಕೈ ಪೂರ್ತಿ ತೆರೆದು, ತಾನಾಗಿ ಅರ್ಧ ಸುತ್ತು ಹಿಂದಕ್ಕೆ ಬಂದಿತ್ತು.

ಜೀವಮಾನವಿಡೀ ಹಾಗೇ ಮಾಡಿಕೊಂಡು ಬಂದಿದ್ದ, ಒಮ್ಮೆಯೂ ಗಮನಿಸಿರಲಿಲ್ಲ. ಯಾರು ಕಲಿಸಿದರು? ಅಪ್ಪನಲ್ಲ. ಅಪ್ಪ ಸದಾ ನೀರಿನ ಮೇಲೇ ಇರುತ್ತಿದ್ದ. ಸ್ಟೂಲಿನ ಮೇಲೆ ನಿಲ್ಲಿಸಿ, ಕೈ ಮೇಲೆ ಕೈಯಿಟ್ಟು, “ಪೂರ್ತಿ ತೆರಿ ಪುಟ್ಟಾ, ಈಗ ಸ್ವಲ್ಪ ಹಿಂದಕ್ಕೆ, ಹಾಂ, ಜಾಣ,” ಎಂದು ಕಲಿಸಿದವಳು ಬೇರೆ. ತಾಯಿ ಸತ್ತ ಮನೆಯಲ್ಲಿ ಇವನಿಗೆ ತುತ್ತಿಟ್ಟವಳು, ಇವನ ಓದಿಗಾಗಿ ತಾನು ಮದುವೆಯನ್ನೇ ಬೇಡವೆಂದವಳು.

ನೀರು ಹರಿಯುತ್ತಲೇ ಇತ್ತು. ಅಂಗಡಿಯವನು ಬಂದು, “ಸಾಹೇಬ್ರೆ, ತೊಟ್ಟಿ ಖಾಲಿಯಾಗುತ್ತೆ,” ಎಂದು ತಾನೇ ನಿಲ್ಲಿಸಿದ.

ಮನೆಗೆ ಬಂದಾಗ ಸೂರ್ಯ ಇಳಿಮುಖವಾಗಿದ್ದ. ಅಕ್ಕ ಅಡುಗೆಮನೆಯಲ್ಲಿದ್ದಳು. ನೆರೆತ ಕೂದಲನ್ನು ಬಿಗಿಯಾಗಿ ಗಂಟು ಹಾಕಿ, ಸೆರಗು ಸಿಕ್ಕಿಸಿ, ಯಾವತ್ತಿನಂತೆಯೇ ಇದ್ದಳು. ಸೊಂಟದಲ್ಲಿ ಉಗ್ರಾಣದ ಕೀಲಿ.

“ಇಷ್ಟು ಬೇಗ? ಮುಖ ಯಾಕೋ ಹಾಗಿದೆ? ಮಧ್ಯಾಹ್ನ ಊಟ ಮಾಡಿದ್ಯೋ ಇಲ್ವೋ? ಕೂತ್ಕೋ, ಕಾಫಿ ಇಡ್ತೀನಿ.”

ಅವನು ಬಾಗಿಲ ಚೌಕಟ್ಟಿಗೆ ಒರಗಿ ನಿಂತ. ದೇವರೇ, ಆಗದಿರಲಿ, ನನ್ನ ಲೆಕ್ಕ ತಪ್ಪಿರಲಿ ಎಂದು ಒಳಗೊಳಗೇ ಬೇಡಿಕೊಂಡ. ತಪ್ಪಿದರೆ ಸಾಕು, ನೌಕರಿ ಹೋದರೂ ಸರಿ.

ಅಕ್ಕ ಒಲೆಯ ಕೆಳಗೆ ಬಗ್ಗಿ ಗ್ಯಾಸ್ ಸಿಲಿಂಡರಿನ ಗುಂಡು ತಿರುಪಿಗೆ ಕೈ ಹಾಕಿದಳು. ಪೂರ್ತಿ ತೆರೆದಳು. ಕೈ ಒಂದು ಕ್ಷಣ ನಿಂತಿತು. ಅರ್ಧ ಸುತ್ತು ಹಿಂದಕ್ಕೆ ಬಂತು.

“ಅಕ್ಕಾ.”

“ಹೂಂ?”

“ಆವತ್ತು ಕೀಲಿ ಇಸ್ಕೊಂಡೋನು ಅವನೇನಾ?”

“ಒಂದು ಸಲ ಹೇಳಿದೀನಲ್ಲ. ಸಹಿನೂ ಹಾಕಿದೀನಿ.”

“ಇನ್ನೊಂದು ಸಲ ಹೇಳು. ನನ್ನ ಮುಖ ನೋಡಿ ಹೇಳು.”

ಅಕ್ಕ ಬಗ್ಗಿದ್ದವಳು ನೆಟ್ಟಗಾದಳು. ಅವನ ಕಣ್ಣು ತನ್ನ ಕೈ ಮೇಲಿರುವುದನ್ನು ನೋಡಿದಳು. ತಿರುಪನ್ನು ನೋಡಿದಳು. ಬೆಂಕಿಕಡ್ಡಿ ಗೀರಲಿಲ್ಲ.

ಇವನ ದೃಷ್ಟಿ ತಡೆದರೂ ನಿಲ್ಲದೆ ಅಟ್ಟದ ಕಡೆಗೆ ಏರಿತು. ತಗಡಿನ ಪೆಟ್ಟಿಗೆ ಅಲ್ಲೇ ಇತ್ತು. ಅದರ ಮೇಲಿನ ಧೂಳಿನಲ್ಲಿ ಹೊಸದಾಗಿ ಕೈಯಾಡಿಸಿದ ಗುರುತಿತ್ತು.

“ಅಲ್ಲಿಲ್ಲ ಅದು,” ಎಂದಳು ಅಕ್ಕ.

“ಯಾವುದು?”

“ನೀನು ಹುಡುಕ್ತಿರೋದು.”

ಅವಳ ದನಿಯಲ್ಲಿ ಹೆದರಿಕೆಯಿರಲಿಲ್ಲ. ಅವನಿಗೆ ಅದೇ ಎಲ್ಲಕ್ಕಿಂತ ಹೆಚ್ಚಾಗಿ ಹೆದರಿಕೆ ತಂದಿತು. ಅಳಬೇಕೋ ಕೂಗಾಡಬೇಕೋ ತಿಳಿಯದೆ, ಮನೆಯೊಳಗೇ ದಾರಿ ತಪ್ಪಿದ ಮಗುವಿನ ಹಾಗೆ ನಿಂತಿದ್ದ.

“ಅವಳು ಇಲ್ಲೇ ಕೂತಿದ್ಲು,” ಅಕ್ಕ ಅಡುಗೆಮನೆಯ ಮಣೆ ತೋರಿಸಿದಳು. “ನನ್ನ ಕೈ ಹಿಡ್ಕೊಂಡು, ಕ್ಷಮಿಸಿ ಅಂತ ಅತ್ಲು. ಕೊಲೆಗಾರನ ಮಕ್ಕಳು ಅಂತ ಅನ್ನಿಸ್ಕೊಳ್ಳೋದು ನಾವು, ಅಳೋದು ಅವಳು! ನಿನ್ನ ಎದೆ ಮೇಲಿರೋ ಆ ಪೊಲೀಸ್ ಪದಕ, ಧಕ್ಕೆಯ ಆ ಕಲ್ಲು, ಎಲ್ಲ ಒಂದು ಗುದ್ದಲಿ ಏಟಿಗೆ. ನಾನು ಇಡೀ ಜನ್ಮ ಎಲ್ಲ ಕಾಪಾಡ್ಕೊಂಡು ಬಂದದ್ದು ಇದಕ್ಕೇನಾ?”

“ಅವನ ಹೆಂಡತಿ ಸತ್ಲು ಅಕ್ಕಾ. ಈಗ ಅವನೂ ಸಾಯ್ತಾನೆ. ಏನೂ ಮಾಡದೋನು.”

“ಗೊತ್ತು.”

ಪಡಸಾಲೆಯಲ್ಲಿ ಫೋನು ಬಡಿದುಕೊಂಡಿತು. ಇಬ್ಬರೂ ಅಲುಗಲಿಲ್ಲ. ಅದು ನಿಲ್ಲುವಂತೆಯೂ ಕಾಣಲಿಲ್ಲ. ಕೊನೆಗೆ ಅಕ್ಕನೇ ಹೋಗಿ ಎತ್ತಿದಳು. ಒಂದಿಷ್ಟು ಹೊತ್ತು ಕೇಳಿಸಿಕೊಂಡಳು. ಆಮೇಲೆ ಎಳೆದಷ್ಟೂ ಬರುವ ಆ ಉದ್ದ ತಂತಿಯ ಸಮೇತ ಅಡುಗೆಮನೆಯ ಬಾಗಿಲಿಗೆ ಬಂದು ರಿಸೀವರನ್ನು ಅವನ ಕೈಗಿಟ್ಟಳು.

“ಸಾಹೇಬ್ರೆ,” ದಫೇದಾರ ಏದುಸಿರು ಬಿಡುತ್ತಿದ್ದ, “ಮೇಲಿನವರೇ ಬಂದು ಕೂತಿದಾರೆ. ಪಂಕ್ಚರ್ ಅಂದ್ರೆ ಕೇಳ್ತಿಲ್ಲ, ತಮ್ಮ ಗಾಡಿಯಲ್ಲೇ ಕಳಿಸ್ತಾರಂತೆ. ಅವನನ್ನ ಹತ್ತಿಸ್ತಿದಾರೆ. ನಿಮ್ಮ ಬಾಯಲ್ಲಿ ಒಂದು ಮಾತು ಬೇಕಂತೆ. ಕಳಿಸ್ಲಾ, ಬೇಡ್ವಾ?”

ಅಕ್ಕ ಒಳಗೆ ಹೋಗಿ ಒಲೆಯ ಕೆಳಗೆ ಬಗ್ಗಿದಳು. ತೆರೆದಿದ್ದ ತಿರುಪನ್ನು ಮುಚ್ಚಿದಳು. ಸೊಂಟದ ಕೀಲಿ ಬಿಚ್ಚಿ ತಮ್ಮನ ಎದುರಿನ ಕಟ್ಟೆಯ ಮೇಲಿಟ್ಟಳು.

“ಮಾತಾಡು,” ಎಂದಳು. “ಅವರು ಕಾಯ್ತಿದಾರೆ.”